ತಗತೆಯೇ, ಪೊನ್ನಾವೀರವೇ? ಆಟಿಯ ಸೊಪ್ಪು ಕೊಯ್ಯುವ ಮೊದಲು ಗುರುತು ಹಿಡಿಯುವ ಕ್ರಮ

ಮಳೆ ಹಿಡಿದು ಪದವು (ಗುಡ್ಡದ ಮೇಲಿನ ಬಯಲು), ತೋಡಿನ ಬದಿ, ತೋಟದ ಬುಡಗಳೆಲ್ಲ ಹಸಿರಾಗುವ ಹೊತ್ತಿಗೆ ಪ್ರತಿ ವರ್ಷ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಬದಿಯಡ್ಕದಿಂದಲೋ ಪೆರ್ಲದಿಂದಲೋ ಮಂಜೇಶ್ವರದಿಂದಲೋ ಯಾರಾದರೂ ಮೊಬೈಲಿನಲ್ಲಿ ಒಂದು ಎಲೆಯ ಚಿತ್ರ ಕಳಿಸಿ ಕೇಳುತ್ತಾರೆ: "ಇದು ತಿನ್ನುವ ತಗತೆಯೇ?", "ಇದು ಒಂದೆಲಗವೋ, ಬೇರೆ ಎಂತದ್ದಾದರೂ ಉಂಟೋ?" ಒಂದೇ ಎಲೆಯ ಚಿತ್ರ ನೋಡಿ ಹೌದೆಂದು ಹೇಳಲು ಯಾರಿಂದಲೂ ಆಗದು, ಹೇಳಲೂ ಬಾರದು. ಆದರೆ ಗಿಡದ ಮುಂದೆ ಕುಳಿತ ನಿಮಗೆ ಅದು ಸಾಧ್ಯ. ಎಲ್ಲಿ ನೋಡಬೇಕು, ಯಾವ ಗುರುತನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತೇನೆ. ತಗತೆ ಎಂದರೆ ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ತಿನ್ನುವ ಸೊಪ್ಪು, ಪೊನ್ನಾವೀರ ಅದನ್ನೇ ಹೋಲುವ, ವಿಷದ ಬೀಜದ ಗಿಡ.

ಕಾಸರಗೋಡಿನಲ್ಲಿ ಈ ಕೆಲಸ ಸ್ವಲ್ಪ ಹೆಚ್ಚೇ ಕಷ್ಟ. ಒಂದೇ ಗಿಡಕ್ಕೆ ಮನೆಯಲ್ಲಿ ಕನ್ನಡದ ಹೆಸರು, ಗುಡ್ಡೆಯಲ್ಲಿ ತುಳುವಿನ ಹೆಸರು, ಪೇಟೆಯ ಮದ್ದಿನಂಗಡಿಯಲ್ಲಿ ಮಲಯಾಳದ ಹೆಸರು. ಗಿಡ ಬದಲಾಗದೆ ಹೆಸರು ಬದಲಾದರೆ ತೊಂದರೆಯಿಲ್ಲ. ಹೆಸರು ಅದೇ ಇದ್ದು ಗಿಡ ಬದಲಾದಾಗಲೇ ಎಡವಟ್ಟು.

ಬೇಕಾದ ಸಾಮಾನು

ಒಂದು ಸಣ್ಣ ಚೂರಿ, ಪ್ರತಿಯೊಂದು ಸೊಪ್ಪಿಗೂ ಬೇರೆ ಬೇರೆ ಬಟ್ಟೆ ಚೀಲ ಅಥವಾ ಕಾಗದದ ಪೊಟ್ಟಣ, ಹಳೆಯ ಪತ್ರಿಕೆ, ಪೆನ್ಸಿಲ್, ಹತ್ತಿರದಿಂದ ಚಿತ್ರ ತೆಗೆಯಬಲ್ಲ ಮೊಬೈಲ್. ಎಲ್ಲಕ್ಕಿಂತ ಮುಖ್ಯವಾಗಿ, ಈ ಸೊಪ್ಪುಗಳನ್ನು ಬಹುಕಾಲದಿಂದ ಕೊಯ್ದು ಅಡಿಗೆ ಮಾಡಿದ ಒಬ್ಬ ಹಿರಿಯರು. ಅವರು ಅಂಗಳದಲ್ಲಿ ಕುಳಿತು ಬಾಯಲ್ಲಿ ಹೇಳಿದರೆ ಸಾಲದು, ಗಿಡದ ಹತ್ತಿರಕ್ಕೆ ಜೊತೆಯಲ್ಲೇ ಬರಬೇಕು.

ಹಂತ 1: ಜಾಗ ಆರಿಸಿ

ಗುರುತು ಸರಿಯಿದ್ದರೂ ಜಾಗ ಕೆಟ್ಟದ್ದಾದರೆ ಸೊಪ್ಪೂ ಕೆಟ್ಟದ್ದೇ. ಅಡಿಕೆ ತೋಟದ ಒಂದೆಲಗದ ವಿಷಯದಲ್ಲಿ ಹೆಚ್ಚಿನವರು ಇದನ್ನು ಮರೆಯುತ್ತಾರೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತು ಮತ್ತು ಸುಣ್ಣ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನಗಳಿಗೆ ಇನ್ನೊಮ್ಮೆ ಹೊಡೆಯುತ್ತೇವೆ. ಎರಡನೆಯ ಸಲದ ಹೊತ್ತಿಗೆ ಆಟಿ ಬಂದಿರುತ್ತದೆ, ಬುಡದಲ್ಲಿ ಸೊಪ್ಪೂ ಎಳೆಯದಾಗಿ ಸೊಕ್ಕಿರುತ್ತದೆ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ ತಾಮ್ರವೆಲ್ಲ ಅದರ ಮೇಲೆ. ಮದ್ದು ಬಿಟ್ಟ ತೋಟದ ಸೊಪ್ಪು ಆ ಮಳೆಗಾಲಕ್ಕೆ ಬೇಡವೆಂದೇ ಇಟ್ಟುಕೊಳ್ಳಿ. ಕಳೆನಾಶಕ ಹೊಡೆದ ರಸ್ತೆಬದಿ, ಚರಂಡಿ, ಹಟ್ಟಿಗೊಬ್ಬರದ ರಾಶಿಯ ಬದಿ ಕೂಡ ಬೇಡ. ಗೊಬ್ಬರದ ರಾಶಿಯಲ್ಲಿ ಸೊಕ್ಕಿದ ಹರಿವೆ ಎಲೆಯಲ್ಲಿ ನೈಟ್ರೇಟ್ ತುಂಬಿಕೊಳ್ಳುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯುವವರೆಗೆ ಇಲ್ಲಿನ ಜನ ಪಟ್ಟ ಪಾಡು ಗೊತ್ತಿರುವ ನಾವು, ಎಲ್ಲಿ ಏನು ಹೊಡೆದಿದ್ದಾರೆ ಎಂದು ವಿಚಾರಿಸದೆ ಒಂದು ಚಿಗುರನ್ನೂ ಮುರಿಯಬಾರದು.

ಹಂತ 2: ಹೆಸರನ್ನು ಮೂರು ಭಾಷೆಯಲ್ಲಿ ಬರೆದಿಡಿ

ಹಿರಿಯರು ಹೆಸರು ಹೇಳಿದ ಕೂಡಲೇ ಕೇಳಿ: ಇದು ಯಾವ ಭಾಷೆಯ ಹೆಸರು? ಉಳಿದ ಎರಡು ಭಾಷೆಗಳಲ್ಲಿ ಏನೆನ್ನುತ್ತಾರೆ? ಜೊತೆಗೆ ಸಸ್ಯಶಾಸ್ತ್ರದ ಹೆಸರನ್ನೂ ಬರೆದುಕೊಳ್ಳಿ. ಆ ಹೆಸರಿಗೆ ಎರಡು ಭಾಗ, ಮೊದಲನೆಯದು ಕುಲದ್ದು, ಎರಡನೆಯದು ಆ ಕುಲದ ಒಂದು ಜಾತಿಯದ್ದು. ಬಾಯಿಗೆ ಕಷ್ಟವಾದರೂ ಅದು ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಈಚೆಗೂ ಆಚೆಗೂ ಒಂದೇ.

ಅತಿ ಹೆಚ್ಚು ಗೊಂದಲ ಬ್ರಾಹ್ಮಿಯದ್ದು. ಕನ್ನಡದಲ್ಲಿ ಹಲವರು ಬ್ರಾಹ್ಮಿ ಎನ್ನುವುದು ಒಂದೆಲಗವನ್ನು. ತುಳುವಿನಲ್ಲಿ ಅದೇ ತಿಮರೆ, ಮಲಯಾಳದಲ್ಲಿ ಮುತ್ತಿಳ್ ಅಥವಾ ಕುಡಂಗಲ್, ಶಾಸ್ತ್ರದಲ್ಲಿ ಸೆಂಟೆಲ್ಲಾ ಏಷಿಯಾಟಿಕಾ. ಆದರೆ ಕೇರಳದ ಆಯುರ್ವೇದದ ಅಂಗಡಿಯಲ್ಲಿ ಬ್ರಹ್ಮಿ ಕೇಳಿದರೆ ಸಿಗುವುದು ಬೇರೆಯೇ ಗಿಡ, ಬಕೋಪಾ ಮೊನ್ನಿಯೆರಿ. ನಾವದನ್ನು ನೀರುಬ್ರಾಹ್ಮಿ ಎನ್ನುತ್ತೇವೆ. ಎರಡೂ ವಿಷವಲ್ಲ, ಆದರೆ ಗುಣ, ಪ್ರಮಾಣ, ರುಚಿ ಯಾವುದೂ ಒಂದಲ್ಲ. ಅಜ್ಜಿ ಹೇಳಿದ "ಬ್ರಾಹ್ಮಿ ತಂಬುಳಿ"ಗೆ ಹೆಚ್ಚಾಗಿ ಬೇಕಾಗಿರುವುದು ಒಂದೆಲಗ. ವೈದ್ಯರು ಮಲಯಾಳದಲ್ಲಿ ಬರೆದ ಚೀಟಿಯಲ್ಲಿ ಬ್ರಹ್ಮಿ ಎಂದಿದ್ದರೆ ಅದು ಬಕೋಪಾ.

ಇನ್ನೊಂದು ಜೋಡಿ ಇದಕ್ಕಿಂತ ಅಪಾಯದ್ದು. ಹೊನಗೊನ್ನೆ ಸೊಪ್ಪಿಗೆ ಮಲಯಾಳದಲ್ಲಿ ಪೊನ್ನಾಂಗಣ್ಣಿ. ವಿಷದ ಬೀಜದ ಒಂದು ಗಿಡಕ್ಕೆ ಪೊನ್ನಾವೀರಂ. ಮಲಯಾಳ ಅರ್ಧಂಬರ್ಧ ಬಲ್ಲವರ ಕಿವಿಗೆ ಎರಡೂ ಒಂದೇ ಕೇಳಿಸುತ್ತವೆ. ಹೆಸರನ್ನು ಪೂರ್ತಿ ಕೇಳಿ, ಬರೆದು, ಅವರಿಗೇ ಓದಿ ಹೇಳಿ.

ಹಂತ 3: ಗಿಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿ

ಹೆಚ್ಚಿನವರು ಎಲೆಯ ಆಕಾರ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಎಲೆಯ ಆಕಾರ ನೆರಳು, ಬಿಸಿಲು, ಗೊಬ್ಬರಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಕೆಳಗಿನ ಆರು ಗುರುತುಗಳನ್ನು ಪ್ರತಿ ಗಿಡದಲ್ಲೂ ಇದೇ ಕ್ರಮದಲ್ಲಿ ನೋಡಿ.

(1) ಕಾಂಡ: ನೆಲಕ್ಕೆ ಹಬ್ಬಿ ಗಿಣ್ಣುಗಳಲ್ಲಿ ಬೇರು ಬಿಡುತ್ತದೆಯೋ, ನೆಟ್ಟಗೆ ನಿಲ್ಲುತ್ತದೆಯೋ? ಒಳಗೆ ಟೊಳ್ಳೋ, ಗಟ್ಟಿಯೋ?

(2) ಎಲೆಗಳ ಜೋಡಣೆ: ಒಂದೇ ಗಿಣ್ಣಿನಲ್ಲಿ ಎದುರುಬದುರಾಗಿ ಎರಡು ಎಲೆ ಬಂದರೆ ಅಭಿಮುಖ ಜೋಡಣೆ. ಒಂದು ಈ ಕಡೆ, ಇನ್ನೊಂದು ಮೇಲಿನ ಗಿಣ್ಣಿನಲ್ಲಿ ಆ ಕಡೆ ಬಂದರೆ ಪರ್ಯಾಯ ಜೋಡಣೆ.

(3) ಒಂಟಿ ಎಲೆಯೋ, ಸಂಯುಕ್ತ ಎಲೆಯೋ: ಒಂದೇ ತೊಟ್ಟಿನಲ್ಲಿ ಹಲವು ಕಿರುಎಲೆಗಳಿದ್ದರೆ ಅದು ಸಂಯುಕ್ತ ಎಲೆ. ಇಡೀ ಕಡ್ಡಿಯೇ ಒಂದು ಎಲೆ ಎಂದು ತಿಳಿಯಬೇಕು.

(4) ತೊಟ್ಟು ಎಲೆಗೆ ಸೇರುವ ಜಾಗ: ಅಂಚಿನಲ್ಲೋ, ಅಂಚಿನಿಂದ ಒಳಗೆ ಎಲೆಯ ಬೆನ್ನಿನಲ್ಲೋ?

(5) ರಸ: ಚಿಗುರು ಮುರಿದಾಗ ಹಾಲು ಬರುತ್ತದೆಯೇ? ಹಿಚುಕಿದರೆ ವಾಸನೆ ಹೇಗೆ, ಬಣ್ಣ ತಿರುಗುತ್ತದೆಯೇ? ರಸ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ.

(6) ಹೂ, ಕಾಯಿ: ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಸೊಪ್ಪು ಎಳೆಯದಿರುವಾಗ ಸಿಗದು ಎಂಬುದೇ ಕಷ್ಟ.

ರುಚಿ ನೋಡಿ ಗುರುತು ಹಿಡಿಯುವ ಅಭ್ಯಾಸ ಬೇಡ. ಕಹಿಯೆಲ್ಲ ವಿಷವಲ್ಲ, ಸಪ್ಪೆಯೆಲ್ಲ ಕ್ಷೇಮವೂ ಅಲ್ಲ. ದನ ತಿಂದಿದೆ, ಹಕ್ಕಿ ತಿಂದಿದೆ ಎಂಬುದೂ ನಮಗೆ ಸಾಕ್ಷಿಯಲ್ಲ.

ಹಂತ 4: ತಗತೆಯನ್ನು ಪೊನ್ನಾವೀರದಿಂದ ಬೇರೆ ಮಾಡಿ

ಇದಕ್ಕೆ ಹೆಚ್ಚು ಸಮಯ ಕೊಡಿ. ಆಟಿಯಲ್ಲಿ ನಮ್ಮಲ್ಲಿ ಅತಿ ಹೆಚ್ಚು ಕೊಯ್ಯುವ ಸೊಪ್ಪು ಇದು. ತಗತೆ, ಚಗತೆ, ತಗಚೆ ಎಂಬ ಹೆಸರುಗಳೆಲ್ಲ ಇದಕ್ಕೇ. ತುಳುವಿನಲ್ಲಿ ತಜಂಕ್, ಮಲಯಾಳದಲ್ಲಿ ತಕರ, ಶಾಸ್ತ್ರದಲ್ಲಿ ಸೆನ್ನಾ ಟೋರಾ. ತಜಂಕ್ ವಡೆ, ಹಲಸಿನ ಬೀಜ ಹಾಕಿದ ಪಲ್ಯ ಬಲ್ಲವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಅದೇ ರಸ್ತೆಬದಿಯಲ್ಲಿ, ಅದೇ ಮಳೆಗೆ, ಅದೇ ಹಳದಿ ಹೂ ಬಿಡುವ ಅದರ ದಾಯಾದಿ ಸೆನ್ನಾ ಆಕ್ಸಿಡೆಂಟಾಲಿಸ್ ಕೂಡ ಏಳುತ್ತದೆ. ಪೊನ್ನಾವೀರಂ ಎಂದರೆ ಇದೇ, ಸಂಸ್ಕೃತದಲ್ಲಿ ಕಾಸಮರ್ದ. ಕನ್ನಡದಲ್ಲಿ ಕೆಲವರು ದೊಡ್ಡ ತಗಚೆ ಎನ್ನುತ್ತಾರೆ. ಆ ಹೆಸರೇ ದಾರಿ ತಪ್ಪಿಸುವಂಥದ್ದು, ಸಣ್ಣದನ್ನು ತಿನ್ನಬಹುದಾದರೆ ದೊಡ್ಡದನ್ನೂ ತಿನ್ನಬಹುದೆಂದು ತೋರುತ್ತದೆ. ಇದರ ಬೀಜ ಯಕೃತ್ತು, ಸ್ನಾಯು, ಮಿದುಳು ಮೂರನ್ನೂ ಕೆಡಿಸುತ್ತದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷವರ್ಷವೂ ಮಕ್ಕಳು ಸಾಯುತ್ತಿದ್ದ ಕಾಯಿಲೆಯ ಕಾರಣ ಹುಡುಕಿದಾಗ ಸಿಕ್ಕಿದ್ದು ಈ ಬೀಜ. 2016ರಲ್ಲಿ ಒಡಿಶಾದ ಮಲ್ಕಾನ್‌ಗಿರಿಯ ಮಕ್ಕಳ ಸಾವುಗಳಲ್ಲಿಯೂ ಮಿದುಳುಜ್ವರದ ಜೊತೆಗೆ ಇದರ ಹೆಸರು ಬಂತು. ಇದರ ಎಳೆ ಎಲೆ ಬೇಯಿಸಿ ತಿನ್ನುವ ಊರುಗಳಿವೆ ಎಂದು ಯಾರಾದರೂ ಹೇಳಬಹುದು. ಮಕ್ಕಳಿರುವ ಮನೆಗೆ ಈ ಗಿಡ ಬರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕಾಯಿ ಇದ್ದಾಗ ಬೇರೆ ಮಾಡುವುದು ಸುಲಭ. ತಗತೆಯ ಕೋಡು ತೆಳ್ಳಗೆ, ಉದ್ದಕ್ಕೆ, ಕುಡುಗೋಲಿನಂತೆ ಬಾಗಿ, 15 ಸೆಂ.ಮೀ. ಆಸುಪಾಸು ಇರುತ್ತದೆ. ಪೊನ್ನಾವೀರದ ಕೋಡು ಗಿಡ್ಡ, 10 ಸೆಂ.ಮೀ. ಆಸುಪಾಸು, ಚಪ್ಪಟೆ, ನಡುವೆ ಕಂದು ಪಟ್ಟೆ, ಎರಡು ಅಂಚಿನಲ್ಲಿ ಮಾಸಲು ಬಣ್ಣ. ಆದರೆ ನಾವು ಸೊಪ್ಪು ಕೊಯ್ಯುವಾಗ ಕೋಡು ಇರುವುದಿಲ್ಲ. ಆದ್ದರಿಂದ ಎಲೆಯಲ್ಲೇ ಮೂರು ಗುರುತು ನೋಡಬೇಕು.

ಮೊದಲನೆಯದು ಕಿರುಎಲೆಗಳ ಲೆಕ್ಕ. ಬಲಿತ ಎಲೆಯಲ್ಲಿ ತಗತೆಗೆ ಸಾಮಾನ್ಯವಾಗಿ ಮೂರು ಜೊತೆ, ಪೊನ್ನಾವೀರಕ್ಕೆ ನಾಲ್ಕರಿಂದ ಆರು. ಮೊಳಕೆಯ ಮೊದಲ ಎಲೆಗಳಲ್ಲಿ ಈ ಲೆಕ್ಕ ಹಿಡಿಯದು, ಹಾಗಾಗಿ ಅಂಗೈಯೆತ್ತರದ ಗಿಡಗಳನ್ನು ಕೊಯ್ಯಬೇಡಿ.

ಎರಡನೆಯದು ಕಿರುಎಲೆಯ ತುದಿ. ತಗತೆಯದು ಮೊಂಡು, ತುದಿಯ ಕಡೆಗೇ ಅಗಲ. ಪೊನ್ನಾವೀರದ್ದು ಬುಡದ ಕಡೆ ಅಗಲವಾಗಿ ತುದಿಗೆ ಚೂಪಾಗುತ್ತದೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ: ಗ್ರಂಥಿ. ಎಲೆಕಡ್ಡಿಯ ಮೇಲ್ಬದಿಯಲ್ಲಿ ಕಾಣುವ ಸಣ್ಣ ಗುಬಟು ಅದು. ತಗತೆಯಲ್ಲಿ ಅದು ಕೆಳಗಿನ ಕಿರುಎಲೆ ಜೊತೆಗಳ ನಡುವೆ ಸಣ್ಣ ಕಡ್ಡಿಯ ಹಾಗೆ ಎದ್ದಿರುತ್ತದೆ. ಪೊನ್ನಾವೀರದಲ್ಲಿ ಕಿರುಎಲೆಗಳ ನಡುವೆ ಏನೂ ಇಲ್ಲ, ಗುಬಟಿರುವುದು ತೊಟ್ಟು ಕಾಂಡಕ್ಕೆ ಸೇರುವ ಬುಡದ ಹತ್ತಿರ, ಒಂದೇ ಒಂದು. ಬರಿಗಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಹತ್ತಿರದ ಚಿತ್ರ ತೆಗೆದು ಹಿಗ್ಗಿಸಿ ನೋಡಿ.

ಮೂರೂ ಹೊಂದಿದರೆ ಕೊಯ್ಯಿರಿ. ಎರಡು ಹೊಂದಿ ಒಂದು ಹೊಂದದಿದ್ದರೆ ಬಿಟ್ಟುಬಿಡಿ.

ಸಂಜೆಗೆ ಎಲೆ ಮಡಚಿಕೊಂಡರೆ ತಗತೆ ಎಂದು ಹೇಳುವವರಿದ್ದಾರೆ. ಪೊನ್ನಾವೀರವೂ ಮಡಚಿಕೊಳ್ಳುತ್ತದೆ. ಕೆಟ್ಟ ವಾಸನೆ ಪೊನ್ನಾವೀರದಲ್ಲಿ ಜೋರು ಹೌದು, ಆದರೆ ಬಲಿತ ತಗತೆಗೂ ಅಷ್ಟೇನೂ ಒಳ್ಳೆಯ ವಾಸನೆ ಇಲ್ಲ. ಇವೆರಡನ್ನೂ ಗುರುತೆಂದು ಹಿಡಿಯಬೇಡಿ.

ಇದಕ್ಕೊಂದು ಒಳ್ಳೆಯ ಉಪಾಯವಿದೆ. ಮಳೆ ನಿಂತ ಮೇಲೆ ಕೋಡು ಬಲಿತಾಗ ಹೋಗಿ ಯಾವ ಬದಿಯಲ್ಲಿ ಯಾವುದಿದೆ ಎಂದು ನೋಡಿ ಗುರುತು ಹಾಕಿ ಬನ್ನಿ. ಬೀಜ ಅಲ್ಲೇ ಉದುರಿ ಮುಂದಿನ ಮಳೆಗೆ ಅಲ್ಲೇ ಏಳುತ್ತದೆ. ಎರಡೂ ಬೆರೆತ ಜಾಗವಾದರೆ ಆ ಜಾಗವನ್ನೇ ಬಿಡಿ. ಮನೆಯ ಹತ್ತಿರದ ಪೊನ್ನಾವೀರವನ್ನು ಕೋಡಾಗುವ ಮೊದಲು ಕಿತ್ತುಹಾಕಿ, ಮಕ್ಕಳು ಆಟಕ್ಕೆ ಬೀಜ ಸುಲಿದು ತಿನ್ನುವುದುಂಟು.

ಹಂತ 5: ಒಂದೆಲಗದ ಜೊತೆಗಾರರನ್ನು ತಿಳಿಯಿರಿ

ತೋಡಿನ ಬದಿ, ನೀರಿನ ಸುರಂಗದ ಬಾಯಿ, ಬಚ್ಚಲ ನೀರು ಹರಿಯುವಲ್ಲೆಲ್ಲ ಒಂದೆಲಗ ಹಬ್ಬುತ್ತದೆ. ಗುರುತು ಹೀಗೆ: ನೆಲದಲ್ಲಿ ಹರಿಯುವ ತೆಳು ಬಳ್ಳಿ, ಗಿಣ್ಣಿಗೊಂದು ಬೇರಿನ ಗೊಂಚಲು, ಅಲ್ಲಿಂದ ಉದ್ದ ತೊಟ್ಟಿನ ಎಲೆಗಳು. ಎಲೆ ಗುಂಡಗೆ, ಅಂಚಿನುದ್ದಕ್ಕೂ ಮೊಂಡು ಹಲ್ಲುಗಳು, ಬುಡದಲ್ಲಿ ಆಳವಾದ ಸೀಳು. ತೊಟ್ಟು ಸೇರುವುದು ಆ ಸೀಳಿನಲ್ಲೇ. ಹಿಚುಕಿದರೆ ಕೊತ್ತಂಬರಿ, ಕ್ಯಾರೆಟ್ಟಿನ ಕುಟುಂಬದ ಪರಿಮಳ ತಿಳಿಯುತ್ತದೆ. ಹೂ ನೆಲಕ್ಕಂಟಿದಂತೆ ಎಲೆಗಳ ಕೆಳಗೆ, ಬಹಳ ಸಣ್ಣದು, ಮಾಸಲು ಕೆಂಪು.

ನರ್ಸರಿಯಿಂದ ಕುಂಡದಲ್ಲಿ ಬಂದು ಈಗ ಕೊಳ, ಕೆರೆಗಳ ಬದಿಗೂ ಇಳಿದ ಹೈಡ್ರೊಕೋಟೈಲ್ ಎಂಬ ಅಲಂಕಾರದ ಗಿಡವನ್ನು ಒಂದೆಲಗವೆಂದು ಕೊಯ್ಯುವವರಿದ್ದಾರೆ. ಅದರ ಎಲೆಗೆ ಬುಡದ ಸೀಳಿಲ್ಲ, ತೊಟ್ಟು ಎಲೆಯ ನಡುಮಧ್ಯಕ್ಕೆ ಸೇರಿರುತ್ತದೆ. ಇನ್ನೊಂದು ಇಲಿಕಿವಿ, ಮಲಯಾಳದ ಎಲಿಚೆವಿಯನ್. ಎಲೆ ಸಣ್ಣದು, ತೊಟ್ಟು ಗಿಡ್ಡ, ಪರಿಮಳವಿಲ್ಲ, ಹೂ ಹಳದಿ. ಹಳದಿ ಹೂ ಕಂಡರೆ ಅದು ಒಂದೆಲಗ ಅಲ್ಲವೇ ಅಲ್ಲ. ನೀರುಬ್ರಾಹ್ಮಿಯೊಡನೆ ಹೆಸರಿನ ಗೊಂದಲ ಮಾತ್ರ, ಕಣ್ಣಿಗೆ ಇಲ್ಲ: ಅದರ ಎಲೆ ದಪ್ಪ, ಸಣ್ಣ, ತೊಟ್ಟಿಲ್ಲದ್ದು, ಅಭಿಮುಖ ಜೋಡಣೆಯದ್ದು, ಹೂ ಬಿಳಿ ಮಿಶ್ರಿತ ನೇರಳೆ.

ಒಂದೆಲಗವನ್ನು ಹಸಿಯಾಗಿಯೇ ತಂಬುಳಿಗೆ, ಚಟ್ನಿಗೆ ಅರೆಯುತ್ತೇವೆ, ಬೇಯಿಸುವುದಿಲ್ಲ. ಆದ್ದರಿಂದ ಇದಕ್ಕೆ ಜಾಗದ ಶುದ್ಧಿ ಎಲ್ಲಕ್ಕಿಂತ ಮುಖ್ಯ. ಬಚ್ಚಲ ನೀರಿನದ್ದು ಎಷ್ಟು ಸೊಂಪಾಗಿದ್ದರೂ ಬೇಡ. ಒಂದು ಬುಡ ತಂದು ಕುಂಡದಲ್ಲಿ ನೆಟ್ಟರೆ ಮನೆಗೆ ಬೇಕಾದಷ್ಟು ಸಿಗುತ್ತದೆ.

ಹಂತ 6: ಪತ್ರೊಡೆಯ ಎಲೆ

ಪತ್ರೊಡೆ ಮಾಡುವ ಕೆಸುವಿನಲ್ಲಿ ವಿಷಕ್ಕಿಂತ ತುರಿಕೆಯ ಭಯ. ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳು ನಾಲಗೆ, ಗಂಟಲಿಗೆ ಚುಚ್ಚಿ ಬಾವು ಬರಿಸುತ್ತವೆ. ಹುಣಸೆಯ ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕಾಗಿಯೇ.

ತೊಟ್ಟು ಎಲ್ಲಿ ಸೇರುತ್ತದೆ ಎಂದು ನೋಡಿ. ಕೆಸುವಿನಲ್ಲಿ ಅದು ಅಂಚಿನಿಂದ ಒಳಗೆ, ಎಲೆಯ ಬೆನ್ನಿಗೆ ಸೇರುತ್ತದೆ, ಎಲೆಯ ತುದಿ ನೆಲಕ್ಕೆ ಬಾಗಿರುತ್ತದೆ, ನೀರು ಹಾಕಿದರೆ ಒದ್ದೆಯಾಗದೆ ಉರುಳುತ್ತದೆ. ಆಲೊಕೇಸಿಯಾ ಎಂಬ ದೈತ್ಯ ಜಾತಿಯ ಬೆಳೆದ ಎಲೆಯಲ್ಲಿ ತೊಟ್ಟು ಬುಡದ ಸೀಳಿನಲ್ಲೇ ಸೇರುತ್ತದೆ, ತುದಿ ಆಕಾಶ ನೋಡುತ್ತದೆ, ಮೈ ಹೊಳೆಯುತ್ತದೆ. ಅದನ್ನು ತಂದು ಪತ್ರೊಡೆ ಮಾಡಬೇಡಿ. ಮರದ ಕವಲಿನಲ್ಲಿ, ಬಂಡೆಯ ಸಂದಿನಲ್ಲಿ ಮಳೆಗೆ ಹುಟ್ಟುವ ಮರಕೆಸುವಿನಲ್ಲಿ (ರೆಮುಸಾಟಿಯಾ ವಿವಿಪಾರಾ) ತೊಟ್ಟು ಕೆಸುವಿನ ಹಾಗೆಯೇ ಎಲೆಯ ಬೆನ್ನಿಗೆ ಸೇರಿರುತ್ತದೆ, ಬುಡದಿಂದೆದ್ದ ಕಡ್ಡಿಗಳಲ್ಲಿ ಕೊಕ್ಕೆ ಮುಳ್ಳಿನ ಮರಿಗಡ್ಡೆಗಳಿರುತ್ತವೆ. ಕೆಂಪು, ಬಿಳಿ ಚುಕ್ಕೆಗಳ ಅಲಂಕಾರದ ಕಲಾಡಿಯಂನಲ್ಲಿಯೂ ತೊಟ್ಟು ಬೆನ್ನಿಗೇ ಸೇರುತ್ತದೆ, ಹಾಗಾಗಿ ಚುಕ್ಕೆಯಿರುವ ಎಲೆ ಯಾವುದೂ ಬೇಡ.

ಹಂತ 7: ಉಳಿದವು, ಚುಟುಕಾಗಿ

ಗೋಣಿಸೊಪ್ಪಿನ ಕಾಂಡ ರಸಭರಿತ, ಮುರಿದರೆ ನೀರು. ಅದರ ಪಕ್ಕದಲ್ಲೇ ನೆಲಕ್ಕೆ ಹಬ್ಬುವ ಯೂಫೋರ್ಬಿಯಾ ಕಳೆಗಳನ್ನು ಮುರಿದರೆ ಬಿಳಿ ಹಾಲು. ಹಾಲು ಬಂದರೆ ಬಿಸಾಡಿ.

ಹೊನಗೊನ್ನೆಯಲ್ಲಿ ಎಲೆ ಅಭಿಮುಖ, ಬಿಳಿ ಹೂಗೊಂಚಲು ತೊಟ್ಟಿಲ್ಲದೆ ಎಲೆಯ ಕಂಕುಳಿಗೇ ಅಂಟಿರುತ್ತದೆ. ಹೂವಿಗೆ ಉದ್ದ ತೊಟ್ಟು, ಟೊಳ್ಳು ಕಾಂಡ ಇದ್ದರೆ ಅದು ಕೊಳಕು ನೀರಿನಲ್ಲಿ ಹಬ್ಬುವ ಅದರ ಪರದೇಶಿ ದಾಯಾದಿ.

ಗಣಿಕೆ, ಎಂದರೆ ಕಾಕಮಾಚಿ, ಮಲಯಾಳದ ಮಣಿತ್ತಕ್ಕಾಳಿ: ಬಿಳಿ ನಕ್ಷತ್ರದಂಥ ಸಣ್ಣ ಹೂಗಳ ಗೊಂಚಲು, ಕಪ್ಪಾಗುವ ಗುಂಡು ಹಣ್ಣು. ಹಸಿರು ಕಾಯಿ ತಿನ್ನಬಾರದು. ಇದರ ಎಳೆಗಿಡವನ್ನು ವಿಷದ ಉಮ್ಮತ್ತದ (ದತ್ತೂರದ) ಎಳೆಗಿಡದಿಂದ ಬೇರೆ ಮಾಡಲು ಅನುಭವ ಬೇಕು, ಹೂ ಬರುವವರೆಗೆ ಕಾಯಿರಿ.

ಎಲೆಯ ತುದಿಯೇ ಬಳ್ಳಿಯ ಕುಡಿಯಾಗಿ ಸುರುಳಿ ಸುತ್ತಿದ್ದರೆ ಅದು ಅಗ್ನಿಶಿಖೆ, ಮಲಯಾಳದ ಮೇಂದೋನ್ನಿ. ಮಳೆಯ ಆರಂಭದಲ್ಲಿ ಬೇಲಿಗಳಲ್ಲಿ ಏಳುತ್ತದೆ. ಗಡ್ಡೆಯಿಂದ ತುದಿಯವರೆಗೆ ವಿಷ.

ಸೊಪ್ಪಲ್ಲದಿದ್ದರೂ ಒಂದನ್ನು ಹೇಳದೆ ಬಿಡಲಾರೆ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಬೆಳಕು ಹರಿಯುವ ಮೊದಲು ಕಲ್ಲಿನಿಂದ ಕೆತ್ತಿ ತರುವುದು ಹಾಲೆಮರದ ಕೆತ್ತೆ, ಎಂದರೆ ತೊಗಟೆ (ಮರ ತುಳುವಿನ ಪಾಲೆ, ಮಲಯಾಳದ ಏಳಿಲಂಪಾಲ). ಕತ್ತಲಲ್ಲಿ ಕಾಸರಕದ ಕೆತ್ತೆ ಬಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ, ಜೀವಕ್ಕೇ ಅಪಾಯ. ಹಾಲೆಯಲ್ಲಿ ಒಂದೇ ಗಿಣ್ಣಿನ ಸುತ್ತ ನಾಲ್ಕರಿಂದ ಏಳು ಎಲೆ, ಕೆತ್ತಿದರೆ ಹಾಲು. ಕಾಸರಕದಲ್ಲಿ ಎಲೆ ಎರಡೆರಡು, ಬುಡದಿಂದಲೇ ಹೊರಡುವ ಮೂರರಿಂದ ಐದು ನರ, ಹಾಲಿಲ್ಲ. ಹಿಂದಿನ ದಿನ ಹಗಲಿನಲ್ಲೇ ಹೋಗಿ ಮರಕ್ಕೆ ಹಗ್ಗ ಕಟ್ಟಿ ಬನ್ನಿ. ಬೆಳಗ್ಗೆ ಹಗ್ಗವಿಲ್ಲದ ಮರವನ್ನು ಮುಟ್ಟಬೇಡಿ.

ಹಂತ 8: ಮನೆಗೆ ತಂದ ಮೇಲೆ

ಚೀಲದಿಂದ ತೆಗೆದು ಬಿಳಿ ಬಟ್ಟೆಯ ಮೇಲೆ ಹರಡಿ, ಒಂದೊಂದು ಕುಡಿಯನ್ನೂ ಮತ್ತೆ ನೋಡಿ. ಅವಸರದಲ್ಲಿ ಮುಷ್ಟಿ ತುಂಬ ಕೊಯ್ಯುವಾಗ ನಡುವೆ ಬೇರೆ ಕುಡಿ ಸೇರುವುದು ಸಾಮಾನ್ಯ. ಹೊಸ ಸೊಪ್ಪಾದರೆ ಮೊದಲ ಸಲ ಒಬ್ಬರೇ, ಬೇಯಿಸಿದ್ದು ಸ್ವಲ್ಪವೇ, ಬೇರೆ ಹೊಸ ಸೊಪ್ಪಿನ ಜೊತೆ ಬೆರೆಸದೆ ತಿನ್ನಿ. ತಗತೆ ಹೊಟ್ಟೆ ಸಡಿಲಿಸುತ್ತದೆ, ಅಭ್ಯಾಸವಿಲ್ಲದವರಿಗೆ ಎರಡು ವಡೆ ಸಾಕು. ಗರ್ಭಿಣಿಯರು, ಸಣ್ಣ ಮಕ್ಕಳು, ನಿತ್ಯ ಔಷಧಿ ತೆಗೆದುಕೊಳ್ಳುವವರು ಹೊಸ ಸೊಪ್ಪಿನ ಪರೀಕ್ಷೆಗೆ ಇಳಿಯಬಾರದು.

ತಿಂದ ಮೇಲೆ ವಾಂತಿ, ತಲೆಸುತ್ತು, ಬಾಯಿ ಊತ, ಮೈ ಸೆಟೆಯುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ, ಬಲವಂತವಾಗಿ ವಾಂತಿ ಮಾಡಿಸಲೂ ಬೇಡಿ. 108ಕ್ಕೆ ಕರೆ ಮಾಡಿ. ಉಳಿದ ಸೊಪ್ಪು, ಸಾಧ್ಯವಾದರೆ ಇಡೀ ಗಿಡ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಲಿ.

ಹಂತ 9: ಗುರುತು ಸಿಗದ ಗಿಡವನ್ನು ತೋರಿಸುವುದು ಹೇಗೆ

ಬೇರು, ಕಾಂಡ, ಎಲೆ, ಹೂ, ಕಾಯಿ ಎಲ್ಲ ಇರುವ ಒಂದು ಗಿಡ ಕಿತ್ತು, ಮಣ್ಣು ತೊಳೆದು, ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರವಿಡಿ. ಒಂದೆರಡು ಎಲೆಗಳನ್ನು ಮಗುಚಿ ಇಟ್ಟರೆ ಬೆನ್ನೂ ಕಾಣುತ್ತದೆ. ಮಳೆಗಾಲದಲ್ಲಿ ಹಾಳೆಯನ್ನು ದಿನವೂ ಬದಲಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಊರು, ತಾರೀಕು, ಜಾಗ (ಪದವು, ಬೈಲು, ತೋಟ), ಹೂವಿನ ಬಣ್ಣ, ರಸ ಹೇಗಿತ್ತು, ಯಾರು ಯಾವ ಭಾಷೆಯಲ್ಲಿ ಏನೆಂದು ಕರೆದರು ಎಂದು ಬರೆದು ಜೊತೆಗಿಡಿ. ಒಣಗಿದಾಗ ಹೂವಿನ ಬಣ್ಣ ಹೋಗುತ್ತದೆ, ಹಾಗಾಗಿ ಹಸಿಯಾಗಿರುವಾಗಲೇ ಚಿತ್ರ ತೆಗೆಯಿರಿ.

ಮೊದಲು ಪಂಚಾಯತಿನ ಕೃಷಿ ಭವನದಲ್ಲಿ ಕೇಳಿ. ಅಲ್ಲಿ ತಿಳಿಯದಿದ್ದರೆ ಕಾಸರಗೋಡು ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆವರಣದ ಕೃಷಿ ವಿಜ್ಞಾನ ಕೇಂದ್ರ, ಪಡನ್ನಕ್ಕಾಡಿನ ಕೃಷಿ ಕಾಲೇಜು, ಅಥವಾ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರು. ಅವರು ಹೇಳಿದ ಶಾಸ್ತ್ರದ ಹೆಸರನ್ನು ಅದೇ ಚೀಟಿಯಲ್ಲಿ, ಮೂರು ಭಾಷೆಯ ಹೆಸರುಗಳ ಕೆಳಗೆ ಬರೆಸಿಕೊಳ್ಳಿ.